ಬಚ್ಚಲ ಬಾಗಿಲ ಒದ್ದೆ

"ನೋಡಿ ಮೇಡಂ, ಪೈಪ್ ಸೀಳಿದೆ. ನೀರು ಒಳಗೊಳಗೇ ಹರಿದು ಬಾಗಿಲ ಹತ್ರ ಬರ್ತಿದೆ" ಎಂದರು ಬಚ್ಚಲಿನ ಟೈಲ್ಸ್ ಒಡೆದ ಪ್ಲಂಬರ್. ಹಿಂದೆ ನಿಂತಿದ್ದ ನನ್ನ ಅತ್ತೆ ತಟ್ಟನೆ ನನ್ನ ಕೈ ಹಿಡಿದುಕೊಂಡರು.

"ಹಾಗಾದ್ರೆ ಅದು ನಾನಲ್ವೇನೇ?" ಎಂದವರೇ ಅತ್ತುಬಿಟ್ಟರು.

ಬಾಗಿಲ ಬಳಿಯ ಒದ್ದೆ ನೋಡಿ, ರಾತ್ರಿ ಎದ್ದು ಬರುವಾಗ ತಮಗರಿವಿಲ್ಲದೆ ಮೂತ್ರ ಹೋಗುತ್ತಿದೆ ಎಂದುಕೊಂಡಿದ್ದರಂತೆ. ನಾವು ಏಳುವ ಮುನ್ನವೇ ಒರೆಸಿಬಿಡುತ್ತಿದ್ದರು. ಸಂಜೆಯಾದ ಮೇಲೆ ನೀರು ಕುಡಿಯುತ್ತಿರಲಿಲ್ಲ. ನೆಂಟರು ಕರೆದರೆ ಮಂಡಿನೋವಿನ ನೆಪ ಹೇಳುತ್ತಿದ್ದರು.

ಪೈಪ್ ಬದಲಾಯಿಸಿ ಹೊಸ ಟೈಲ್ಸ್ ಹಾಕಿಸಿದ ವಾರವೇ ಅತ್ತೆ, ತ್ಯಾಗರಾಜನಗರದ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರಲು ಖುಷಿಯಿಂದ ಹೊರಟರು. ಗೋಡೆಯ ಬಣ್ಣ ಉದುರುತ್ತಿದೆ ಎಂದು ಪ್ಲಂಬರನ್ನು ಕರೆಸಿದವಳು ನಾನೇ. ಪಕ್ಕದ ಕೋಣೆಯಲ್ಲಿ ಅತ್ತೆ ಇಷ್ಟು ಹೆದರಿಕೊಂಡು ಬದುಕುತ್ತಿದ್ದುದು ಮಾತ್ರ ನನಗೆ ಕಾಣಲೇ ಇಲ್ಲ.