ಪುರಿಗೆ ಬಾರದ ಮೀನು

ನಾಗೇಂದ್ರ ತನ್ನ ಬದುಕಿನ ದೊಡ್ಡ ನಿರ್ಧಾರ ಯಾವುದನ್ನೂ ತಾನೇ ತೆಗೆದುಕೊಂಡವನಲ್ಲ. ತೆಗೆದುಕೊಂಡವರ ಹಿಂದೆ ಹೋದವನು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ್ದು ಅಪ್ಪ ಹೇಳಿದರೆಂದು. ಹೆಚ್ಚಿನ ಓದಿಗೆ ಅಡಿಲೇಡಿಗೆ ಬಂದದ್ದು ಗೆಳೆಯ ಅಭಿಷೇಕ ಹೊರಟನೆಂದು. ಅಲ್ಲಿಂದ ಬ್ರಿಸ್ಬೇನಿಗೆ ಬಂದದ್ದು ಹೆಂಡತಿ ಸೌಜನ್ಯಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿತೆಂದು. ವಿಚ್ಛೇದನವೂ ಹಾಗೆಯೇ ಆಯಿತು. ನಿನ್ನ ಜೊತೆ ಜಗಳವಾಡುವುದೂ ಗೋಡೆಯ ಜೊತೆ ಆಡುವುದೂ ಒಂದೇ ಎಂದು ಅವಳು ಒಂದು ದಿನ ಹೇಳಿದಳು. ಅದಕ್ಕೂ ಅವನು ಗೋಡೆಯಂತೆಯೇ ನಿಂತಿದ್ದ.

ಆಮೇಲೆ ಅವನು ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್‌ನಲ್ಲಿ ಒಂದು ಕೋಣೆಯ ಮನೆ ಹಿಡಿದ. ಸರಕು ಸಾಗಿಸುವ ಕಂಪನಿಯೊಂದರಲ್ಲಿ ಯಾವ ಲಾರಿ ಯಾವ ಗೋದಾಮಿಗೆ ಹೋಗಬೇಕೆಂದು ಕಂಪ್ಯೂಟರಿನಲ್ಲಿ ಗೊತ್ತುಮಾಡುವ ಕೆಲಸ. ಅವನ ವೀಸಾ ಆ ಕಂಪನಿಯ ಜುಟ್ಟಿಗೆ ಕಟ್ಟಿದ್ದು. ಕೆಲಸ ಬಿಟ್ಟರೆ ದೇಶವನ್ನೂ ಬಿಡಬೇಕು. ಮಗಳು ಅಪೂರ್ವ ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ಅಮ್ಮನ ಜೊತೆ ಇದ್ದಳು. ವಾರ ಬಿಟ್ಟು ವಾರ ಶನಿವಾರ ಅವಳು ಇಪ್ಸ್‌ವಿಚ್‌ಗೆ ಬರುತ್ತಿದ್ದಳು. ಆ ಶನಿವಾರಗಳನ್ನು ಬಿಟ್ಟರೆ ಅವನಿಗೆ ಬದುಕು ಎಂದು ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

ಈಗ ಸೌಜನ್ಯಳಿಗೆ ಪರ್ತ್‌ನ ಜೂಂಡಲಪ್‌ನಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿತ್ತು. ದೇಶದ ಈ ತುದಿಯಿಂದ ಆ ತುದಿಗೆ. ನಾಗೇಂದ್ರ ಪರ್ತ್‌ನ ಕಂಪನಿಗಳಿಗೆಲ್ಲ ಬರೆದ. ವೀಸಾದ ಮಾತು ಬಂದಲ್ಲಿಗೆ ಅವರ ಮಾತು ನಿಲ್ಲುತ್ತಿತ್ತು. ಕೋರ್ಟಿಗೆ ಹೋಗು, ತಡೆಯಬಹುದು ಎಂದು ಒಂದಿಬ್ಬರು ಹೇಳಿದರು. ಆರು ವರ್ಷದ ಮಗುವನ್ನು ಕೋರ್ಟಿಗೆ ಎಳೆಯಲು ಅವನಿಗೆ ಮನಸ್ಸಾಗಲಿಲ್ಲ. ಮನಸ್ಸಾಗಲಿಲ್ಲವೋ ಧೈರ್ಯವಾಗಲಿಲ್ಲವೋ, ದೇವರೇ ಬಲ್ಲ. ಆಗಲಿ ಎಂದ.

ಪರ್ತ್‌ಗೆ ಹೋಗುತ್ತಿದ್ದೇವೆ ಎಂದು ಮಗುವಿಗೆ ಸೌಜನ್ಯ ಹೇಳಿದ್ದಳು. ಅಪ್ಪ ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. "ಅದನ್ನ ನೀನೇ ಹೇಳ್ಬೇಕು ನಾಗು. ನಾನು ಹೇಳಿದ್ರೆ, ಅಮ್ಮನೇ ಅಪ್ಪನ್ನ ಬಿಡಿಸಿದ್ಲು ಅನ್ಕೋತಾಳೆ," ಎಂದಿದ್ದಳು. ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ಬುಧವಾರ ವಿಮಾನ. ಉಳಿದಿದ್ದದ್ದು ಈ ಒಂದು ಶನಿವಾರ.

ಆ ಶನಿವಾರ ಅವನು ಮಗಳನ್ನು ವೈವನ್ಹೋ ಕೆರೆಗೆ ಮೀನು ಹಿಡಿಯಲು ಕರೆದುಕೊಂಡು ಹೋದ. ಕೆರೆ ಎಂದರೆ ನಮ್ಮ ಊರ ಕೆರೆಯಲ್ಲ. ಅಣೆಕಟ್ಟಿನ ಹಿಂದೆ ಕಣ್ಣು ಹಾಯುವವರೆಗೂ ನೀರು. ಕಾರಣ ಹಳೆಯದು. ಅಪೂರ್ವಳ ತರಗತಿಯ ಪ್ರಣತಿ ಅಲ್ಲಿ ಒಂದು ಬಾಸ್ ಮೀನು ಹಿಡಿದು, ಅದನ್ನು ಎತ್ತಿ ಹಿಡಿದ ಫೋಟೋವನ್ನು ಶಾಲೆಗೆ ತಂದಿದ್ದಳು. ಅಪೂರ್ವ ಮನೆಗೆ ಬಂದು ಅತ್ತಿದ್ದಳು. ಆಗ ಅಪ್ಪ ಮಾತು ಕೊಟ್ಟಿದ್ದ: "ನಿನ್ನ ಕೈಲಿ ಒಂದು ಬಾಸ್ ಹಿಡಿಸೋವರೆಗೂ ಬಿಡಲ್ಲ ಪುಟ್ಟಿ. ಎಷ್ಟು ಸಲ ಆದ್ರೂ ಸರಿ, ಕರ್ಕೊಂಡು ಹೋಗ್ತೀನಿ."

ಮಾತು ಕೊಟ್ಟವನಿಗೆ ಮೀನಿನ ವಿಷಯ ಏನು ಗೊತ್ತಿತ್ತು? ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟದ ಮನೆತನ. ಅವನು ಹತ್ತಿರದಿಂದ ನೋಡಿದ್ದು ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳನ್ನು ಮಾತ್ರ. ರಜೆಗೆ ಹೋದಾಗ ಅಜ್ಜಿ ಪಾರ್ವತಿ ಅವನ ಬೊಗಸೆಗೆ ಪುರಿ ತುಂಬುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ಎಸೆದರೆ ಸಾಕು, ತೊಡೆಗಾತ್ರದ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಮೀನಿಗೆ ಪುರಿ ಎಂದರೆ ಪ್ರಾಣ ಎಂದು ಅಂದೇ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಗಾಳದ ಅಂಗಡಿಯವನು ಎರೆಹುಳುವಿನ ಡಬ್ಬಿ ಮುಂದಿಟ್ಟಾಗ ಬೇಡವೆಂದು ಹಿಂದೆ ಸರಿದು, ಮಗಳಿಗೆ ಪುಟ್ಟದೊಂದು ಗಾಳದ ಕೋಲನ್ನು ಮಾತ್ರ ಕೊಂಡ. ಆಮೇಲೆ ಇಂಡಿಯನ್ ಅಂಗಡಿಗೆ ಹೋಗಿ ಒಂದು ದೊಡ್ಡ ಕವರ್ ಪುರಿ ತಂದ. ಮೀನನ್ನು ಹಿಡಿದು, ಒಂದು ಸಲ ಮುಟ್ಟಿ, ನೀರಿಗೇ ಬಿಟ್ಟುಬಿಡುವುದೆಂದು ಅಪ್ಪ ಮಗಳ ಒಪ್ಪಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಗೇಂದ್ರನ ಜೀವನವೇ ಹಾಗಿತ್ತು.

ಗಾಳಕ್ಕೆ ಪುರಿ ಚುಚ್ಚಿ ನೋಡಿದವರಿಗೆ ಗೊತ್ತು, ಅದು ಚೂರಾಗುತ್ತದೆ. ಉಳಿದದ್ದು ನೀರಿನ ಮೇಲೆ ತೇಲುತ್ತದೆ. ಅಪೂರ್ವ ಒಂದೊಂದೇ ಪುರಿ ಆರಿಸಿ, ನಾಲಿಗೆ ಹೊರಗೆ ಹಾಕಿ, ಚುಚ್ಚಿ ಕೊಡುತ್ತಿದ್ದಳು. ಅವನು ಎಸೆಯುತ್ತಿದ್ದ. ಮೀನು ಕಚ್ಚಲಿ, ಅವಳು ನಗಲಿ, ಆ ಖುಷಿಯಲ್ಲಿ ಹೇಳಿಬಿಡುತ್ತೇನೆ ಎಂದು ಅವನು ತನಗೆ ತಾನೇ ಗಡುವು ಹಾಕಿಕೊಂಡಿದ್ದ. ಬಾತುಕೋಳಿಗಳು ಬಂದು ಪುರಿ ತಿಂದು ಹೋದವು. ಮೀನು ಇತ್ತ ಸುಳಿಯಲಿಲ್ಲ.

ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿ ಕೂತಿದ್ದ ಬಿಳಿಗಡ್ಡದ ಮುದುಕನೊಬ್ಬ ಬಹಳ ಹೊತ್ತು ತಡೆದುಕೊಂಡ. ಕೊನೆಗೆ ಎದ್ದು ಬಂದು, ಬಾಸ್ ಬೇಟೆಯಾಡುವ ಮೀನು, ಜೀವವಿದ್ದು ಓಡುವುದನ್ನೇ ಅಟ್ಟಿಸಿಕೊಂಡು ಬರುವುದು, ಅಕ್ಕಿಗೆಲ್ಲ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದ. ತನ್ನ ಪೆಟ್ಟಿಗೆಯಿಂದ ಮರಿಮೀನಿನಂತಿದ್ದ ಪ್ಲಾಸ್ಟಿಕ್ ಗಾಳವೊಂದನ್ನು ತೆಗೆದುಕೊಟ್ಟು, ಇದನ್ನು ಕಟ್ಟಿ ಎಳೆ, ಸಂಜೆಯೊಳಗೆ ಒಂದಾದರೂ ಸಿಗುತ್ತದೆ ಎಂದ. ಮಗು ಎಲ್ಲಿಯದು ಎಂದು ವಿಚಾರಿಸಿದ. ಪರ್ತ್‌ಗೆ ಹೋಗುತ್ತಾಳೆ ಎಂದು ತಿಳಿದಾಗ, ಹಾಗಾದರೆ ಇಲ್ಲೇ ಹಿಡಿದುಕೋ ಮರಿ, ಆ ಕಡೆಯ ನೀರಿನಲ್ಲಿ ಈ ಮೀನಿಲ್ಲ ಎಂದು ನಕ್ಕು ಹೋದ.

ನಾಗೇಂದ್ರ ಆ ಗಾಳವನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ. ಕಟ್ಟಲಿಲ್ಲ. ಮೀನು ಸಿಕ್ಕರೆ ಹೇಳಬೇಕಾಗುತ್ತದೆ ಎಂಬುದು ಅವನಿಗೆ ಆಗ ಹೊಳೆದಿತ್ತು. ಮತ್ತೆ ಪುರಿಯನ್ನೇ ಎಸೆದ. ಅಪೂರ್ವ ಅವನ ಜೇಬನ್ನು ನೋಡಿದಳು, ಮುಂದಿನ ಪುರಿಯನ್ನು ಚುಚ್ಚಿ ಕೊಟ್ಟಳು.

ಮಧ್ಯಾಹ್ನ ಇಬ್ಬರೂ ಮೊಸರನ್ನ ತಿಂದರು. ಗಾಳಿ ಏರಿತು, ನೀರು ಕಪ್ಪಾಯಿತು. ಅವನು ಬಾಯಿ ತೆರೆಯುತ್ತಿದ್ದ, ಜಿಪ್ ಹಾಕಿಕೋ ಚಳಿ ಎನ್ನುತ್ತಿದ್ದ. ಮತ್ತೆ ತೆರೆಯುತ್ತಿದ್ದ, ನೀರು ಬೇಕಾ ಎನ್ನುತ್ತಿದ್ದ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು.

"ಅಪ್ಪ, ಯು ಡೋಂಟ್ ಹ್ಯಾವ್ ಬಾಕ್ಸಸ್," ಎಂದಳು ಅಪೂರ್ವ.

ಯಾವ ಬಾಕ್ಸ್ ಎಂದು ಕೇಳಿದ. ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ವಿವರಿಸಿದಳು. ಟೂವಾಂಗ್ ಮನೆಯಲ್ಲಿ ರಟ್ಟಿನ ಡಬ್ಬಗಳು ಸೂರಿನವರೆಗೂ ಇವೆ. ಅವಳ ಗೊಂಬೆಗಳು ಒಂದರಲ್ಲಿ, ಅಮ್ಮನ ಪುಸ್ತಕ ಒಂದರಲ್ಲಿ. ಇವತ್ತು ಬೆಳಿಗ್ಗೆ ಅಪ್ಪನ ಮನೆಯನ್ನು ಅವಳು ಪೂರ್ತಿ ಹುಡುಕಿದಳು, ಮಂಚದ ಕೆಳಗೂ. ಒಂದು ಡಬ್ಬವೂ ಇರಲಿಲ್ಲ. ಅಷ್ಟು ಹೇಳಿ, ಅವನಿಗೆ ಸರಿಯಾಗಿ ಅರ್ಥವಾಗಲಿ ಎಂಬಂತೆ, ಎಂದೂ ಆಡದ ಕನ್ನಡದಲ್ಲಿ ಹೇಳಿದಳು.

"ನೀನು ಬರಲ್ಲ."

"ಇಲ್ಲ ಪುಟ್ಟಿ. ಬರೋಕಾಗಲ್ಲ."

ಇಷ್ಟೇ ಮಾತಿಗೆ ಅವನು ಬೆಳಗಿನಿಂದ ಸತ್ತಿದ್ದ. ಅವಳು ಅಳಲಿಲ್ಲ. ತಲೆಯಾಡಿಸಿ, ಇನ್ನೊಂದು ಪುರಿ ಆರಿಸತೊಡಗಿದಳು. ಅತ್ತಿದ್ದರೆ ಎತ್ತಿಕೊಳ್ಳಬಹುದಿತ್ತು. ಅವನಿಗೆ ಏನು ಮಾಡಬೇಕೋ ತೋಚದೆ, ಮೀನನ್ನಾದರೂ ಹಿಡಿದು ಕೊಡೋಣವೆಂದು ಜೇಬಿನ ಗಾಳವನ್ನು ತೆಗೆದು ದಾರಕ್ಕೆ ಕಟ್ಟಲು ಹೋದ. ಅವಳು ಅವನ ಕೈ ಹಿಡಿದುಕೊಂಡಳು.

ಬಾಸ್ ಪುರಿ ತಿನ್ನುವುದಿಲ್ಲವೆಂದು ಪ್ರಣತಿ ಅವಳಿಗೆ ಯಾವತ್ತೋ ಹೇಳಿದ್ದಳಂತೆ. ಬೆಳಿಗ್ಗೆ ಕವರ್ ನೋಡಿದಾಗಲೇ ಅವಳಿಗೆ ಗೊತ್ತಿತ್ತಂತೆ. ಒಂದು ಬಾಸ್ ಸಿಗುವವರೆಗೂ ಎಷ್ಟು ಸಲವಾದರೂ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿದ್ದಾನೆ. ಆ ಕಡೆ ಈ ಮೀನಿಲ್ಲ ಎಂದು ಆ ಗಡ್ಡದ ತಾತನೂ ಹೇಳಿದರು. ಅಂದರೆ ಇಲ್ಲಿಗೇ ಬರಬೇಕು.

"ಸೋ ಐ ಡೋಂಟ್ ವಾಂಟ್ ಟು ಕ್ಯಾಚ್ ಇಟ್, ಅಪ್ಪ."

ನಾಗೇಂದ್ರ ಮುಖ ತಿರುಗಿಸಿಕೊಂಡು ಅತ್ತ. ಅಪ್ಪನಾಗಿ ತಾನು ಕೊಟ್ಟ ಒಂದೇ ಒಂದು ಮಾತನ್ನು ಈ ಕೂಸು ಇಡೀ ದಿನ ಎರಡೂ ಕೈಯಲ್ಲಿ ಹಿಡಿದು ಕೂತಿತ್ತು. ಅದನ್ನು ನಡೆಸುವ ಶಕ್ತಿ ಅವನ ಕೈಯಲ್ಲಿರಲಿಲ್ಲ. ರಜೆಗೆ ಯಾವಾಗ ಕಳಿಸುವುದೆಂದು ಕೇಳಿದ್ದಕ್ಕೆ ಸೌಜನ್ಯ ನೋಡೋಣ ಎಂದಿದ್ದಳು, ಕಂಪನಿ ವೀಸಾ ಮುಂದುವರಿಸುವುದನ್ನೂ ನೋಡೋಣ ಎಂದಿತ್ತು. ಮತ್ತೆ ಬರುತ್ತೇವೆ ತಾನೇ ಎಂದು ಅಪೂರ್ವ ಕೇಳಿದಳು. ಅವನು ಹೂಂ ಎಂದ.

ಹೊರಡುವಾಗ ಅವಳು ಉಳಿದ ಪುರಿಯ ಕವರಿನ ಬಾಯಿಗೆ ತನ್ನ ಹೇರ್‌ಬ್ಯಾಂಡ್ ಸುತ್ತಿ, ಕಾರಿನ ಡ್ರಾಯರಿನಲ್ಲಿಟ್ಟಳು. ಮುಂದಿನ ಸಲಕ್ಕೆ ಎಂದಳು. ಟೂವಾಂಗ್‌ನಲ್ಲಿ ಬಾಗಿಲು ತೆರೆದ ಸೌಜನ್ಯ ಹೇಳಿದೆಯಾ ಎಂದು ಕಣ್ಣಲ್ಲೇ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಅತ್ತಳಾ ಎಂದದ್ದಕ್ಕೆ ಇಲ್ಲ ಎಂದ. ಸದ್ಯ ಎಂದು ಅವಳು ನಿಟ್ಟುಸಿರು ಬಿಟ್ಟಳು.

ಬುಧವಾರ ವಿಮಾನ ಹತ್ತುವ ಮುಂಚೆ ಮಗಳ ಫೋನು ಬಂತು. ಪುರಿ ಎಸೆದಿಲ್ಲ ತಾನೇ ಎಂದು ಕೇಳಿದಳು. ಇಲ್ಲ ಪುಟ್ಟಿ, ಹಾಗೇ ಇದೆ ಎಂದ ನಾಗೇಂದ್ರ. ಅದು ಆಗಲೇ ಮೆತ್ತಗಾಗಿತ್ತು.