ಹದಿನಾಲ್ಕರ ಸ್ಪ್ಯಾನರ್ ಮತ್ತು ನನ್ನ ಬ್ಯಾಗು

ಹೊಸ ವಿಮಾನದ ಟ್ಯಾಂಕಿಗೆ ಮೊದಲ ಸಲ ಇಂಧನ ತುಂಬುವ ದಿನ ನಮ್ಮ ಶೆಡ್ಡಿನ ಸುತ್ತ ಸೀಮೆಎಣ್ಣೆಯಂಥ ವಾಸನೆ ಏಳುತ್ತದೆ. ಜೊತೆಯವರು ಅದನ್ನು ಗಮನಿಸುವುದೂ ಇಲ್ಲ. ನನಗೆ ಮಾತ್ರ ಮೇಷ್ಟರು ನೆನಪಾಗುತ್ತಾರೆ, ಮೈ ಉರಿಯುತ್ತದೆ. ಕಳೆದ ವಾರವೂ ಹಾಗೇ ಆಯಿತು.

ನನ್ನ ಊರು ಮದ್ದೂರು. ಈಗಿರುವುದು ಹೊರದೇಶದಲ್ಲಿ, ಪ್ರಯಾಣಿಕರ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ. ಕಟ್ಟಿ ಮುಗಿದ ವಿಮಾನವನ್ನು ಮೊದಲ ಪರೀಕ್ಷಾ ಹಾರಾಟಕ್ಕೆ ಸಿದ್ಧಗೊಳಿಸುವ ತಂಡ ನಮ್ಮದು. ಎಂಜಿನ್ ಓಡಿಸಿ ನೋಡುವವರು, ಸೋರಿಕೆ ಹುಡುಕುವವರು, ರೆಕ್ಕೆಯ ಪಟ್ಟಿಗಳನ್ನು ಆಡಿಸಿ ನೋಡುವವರು ಎಲ್ಲರೂ ಇಳಿದ ಮೇಲೆ ನನ್ನ ಸಹಿ ಬೀಳಬೇಕು. ಒಳಗೆ ಒಯ್ದ ಸಾಮಾನೆಲ್ಲ ಆಚೆ ಬಂದಿದೆ ಎಂಬ ಸಹಿ ಅದು. ಒಂದು ಸ್ಕ್ರೂಡ್ರೈವರ್ ಒಳಗೆ ಉಳಿದರೂ ಮೇಲೆ ಹೋದಾಗ ಯಾವ ಸಂದಿಗೆ ಸಿಕ್ಕಿಕೊಳ್ಳುತ್ತದೋ ಹೇಳಲಾಗದು.

ಆ ಲೆಕ್ಕ ಕಲಿಸಿದವರು ಮಂಡ್ಯದ ಫಿಟ್ಟರ್ ಮೇಷ್ಟರು. ಹೇಳಿಕೊಳ್ಳಲು ಇಷ್ಟವಿಲ್ಲ, ಆದರೆ ನಿಜ. ಅವರು ಕಲಿಸುತ್ತಿದ್ದದ್ದು ಈಗ ಮುಚ್ಚಿಹೋಗಿರುವ ಒಂದು ಸಣ್ಣ ತರಬೇತಿ ಶಾಲೆಯಲ್ಲಿ. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ, ಪ್ರತಿ ಸುತ್ತಿಗೆಯ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಸಂಜೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಅದರದರ ಜಾಗಕ್ಕೆ ತೂಗುಹಾಕಬೇಕು. ಕೆಂಪು ಕಂಡರೆ ಏನೋ ಕಮ್ಮಿ ಎಂದರ್ಥ. ನಾವು ಒಬ್ಬೊಬ್ಬರಾಗಿ "ಲೆಕ್ಕ ಸರಿಯಿದೆ ಸಾರ್" ಅನ್ನಬೇಕು, ಅವರು ರಿಜಿಸ್ಟರಿನಲ್ಲಿ ಕೆಂಪು ಪೆನ್ನಿನಿಂದ ರೈಟ್ ಹಾಕಬೇಕು, ಆಮೇಲೆ ಮನೆಗೆ.

ಒಂದು ಸಂಜೆ ಹದಿನಾಲ್ಕರ, ಅಂದರೆ ಹದಿನಾಲ್ಕು ಮಿಲಿಮೀಟರ್ ನಟ್ಟಿಗೆ ಕೂರುವ ಸ್ಪ್ಯಾನರಿನ ಜಾಗದಲ್ಲಿ ಕೆಂಪು ಕಂಡಿತು. ಅದನ್ನು ಕೊನೆಗೆ ಹಿಡಿದಿದ್ದವಳು ನಾನು. ಕಬ್ಬಿಣ ಕಡೆಯುವ ಲೇತ್ ಮೆಷಿನ್ನಿನ ಮೇಲಿಟ್ಟು ಕೈ ತೊಳೆಯಲು ಹೋಗಿದ್ದೆ. ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ.

"ಬ್ಯಾಗ್ ಸುರಿ," ಅಂದರು ಮೇಷ್ಟರು.

"ನಾನ್ ತಕ್ಕಂಡಿಲ್ಲ ಸಾರ್."

"ಸುರಿಯಮ್ಮಿ ಅಂದೆ."

ಸುರಿದೆ. ಊಟದ ಡಬ್ಬಿ, ಬಾಚಣಿಗೆ, ಬಸ್ ಪಾಸು, ಪೇಪರಿನಲ್ಲಿ ಸುತ್ತಿಟ್ಟ ಪ್ಯಾಡು. ಪೇಪರ್ ಬಿಚ್ಚಿಕೊಂಡಿತು. ಯಾರೂ ನಗಲಿಲ್ಲ, ಎಲ್ಲರೂ ನೆಲ ನೋಡಿದರು. ನಕ್ಕಿದ್ದರೆ ಬೈದಾದರೂ ಬೈಯುತ್ತಿದ್ದೆ...

ಮಾರನೆಯ ದಿನ ಅಪ್ಪ ಬಂದ. ಅಪ್ಪ ಮಳವಳ್ಳಿ ಬಸ್ಸಿನ ಕಂಡಕ್ಟರ್. ಬಸ್ಸಿನ ತುಂಬ ಜನರನ್ನು ಗದರಿಸಿ ಒಳಗೆ ತಳ್ಳುತ್ತಿದ್ದವನು, ಖಾಕಿ ಬಟ್ಟೆಯಲ್ಲೇ ಕೈಮುಗಿದು ನಿಂತಿದ್ದ.

"ನನ್ ಮಗ್ಳು ಅಂತೋಳಲ್ಲ ಸ್ವಾಮಿ."

ಮೇಷ್ಟರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಸ್ಪ್ಯಾನರ್ ತಂದ್ಕೊಡಿ, ಆಮೇಲ್ ಮಾತಾಡವ," ಅಂದರು.

ಹತ್ತು ದಿನವಾದ ಮೇಲೆ ಲೇತಿನ ಕೆಳಗಿನ ಟ್ರೇಯಲ್ಲಿ, ಕಬ್ಬಿಣದ ಚೂರುಗಳ ಅಡಿಯಲ್ಲಿ ಸ್ಪ್ಯಾನರ್ ಸಿಕ್ಕಿತು. ಬೀಳುವ ಹಾಗೆ ಇಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಕದ್ದಿರಲಿಲ್ಲ. ಮೇಷ್ಟರು ಅದನ್ನು ತೊಳೆದು ಹಲಗೆಗೆ ತೂಗುಹಾಕಿದರು, ರಿಜಿಸ್ಟರಿನಲ್ಲಿ ರೈಟ್ ಹಾಕಿದರು. ನನ್ನ ಕಡೆ ತಿರುಗಿ ಒಂದು ಮಾತು... ಇಲ್ಲ, ಒಂದು ಮಾತೂ ಆಡಲಿಲ್ಲ. ಅಪ್ಪ ಸಾಯುವವರೆಗೂ ಆ ಸಂಗತಿ ಎತ್ತಲಿಲ್ಲ. ನಾನು ಮರೆಯಲಿಲ್ಲ.

ಮೊದಲ ಸಲ ನನ್ನ ಸಹಿಯ ಮೇಲೆ ವಿಮಾನ ಹಾರಿದಾಗ ಅದರ ಫೋಟೋ ತೆಗೆದು ಮಂಡ್ಯಕ್ಕೆ, ಮೇಷ್ಟರ ಮನೆಗೆ ಅಂಚೆಯಲ್ಲಿ ಕಳಿಸಿದೆ. ಹಿಂಬದಿಯಲ್ಲಿ ಎರಡೇ ಸಾಲು: "ಲೆಕ್ಕ ಸರಿಯಿದೆ. ಯಾರ ಬ್ಯಾಗನ್ನೂ ಸುರಿಸಲಿಲ್ಲ." ಗೌರವದಿಂದಲ್ಲ, ಓದಿದಾಗಲೆಲ್ಲ ಚುಚ್ಚಲಿ ಎಂದು. ಒಂದು ಸಲ ಹಾರಾಟಕ್ಕೆ ಮುಂಚೆ ಒಂದು ಸಣ್ಣ ಟಾರ್ಚ್ ಕಮ್ಮಿ ಬಂತು. ಪೈಲಟ್ಟು ಕಾಯುತ್ತಿದ್ದ, ದೊಡ್ಡವರೆಲ್ಲ ಕಿರುಚಾಡಿದರು. ನಾನು ಸಹಿ ಹಾಕಲಿಲ್ಲ. ಮೂರು ಗಂಟೆ ಹುಡುಕಿದ ಮೇಲೆ ರೆಕ್ಕೆಯ ಬುಡದಲ್ಲಿ ಸಿಕ್ಕಿತು. ಆ ವಿಮಾನದ ಫೋಟೋದ ಹಿಂದೆ ಅದೇ ಎರಡು ಸಾಲನ್ನು ಒತ್ತಿ ಒತ್ತಿ ಬರೆದೆ. ಒಟ್ಟು ಒಂಬತ್ತು ಫೋಟೋ ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ.

ಕಳೆದ ವರ್ಷ ರಜೆಗೆ ಬಂದಾಗ ಎದುರಿಗೇ ನಿಂತು ಕೇಳೋಣವೆಂದು ಮನೆಗೆ ಹೋದೆ. "ತಪ್ಪಾಯ್ತು" ಎಂಬ ಒಂದು ಮಾತು ಅವರ ಬಾಯಿಂದ ಬರಬೇಕಿತ್ತು. ಬಾಗಿಲು ತೆಗೆದವರು ಅವರ ಹೆಂಡತಿ. ಮೇಷ್ಟರು ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಫೋಟೋ ಕಳಿಸಿದವಳು ನಾನು ಎಂದಾಗ ಒಳಗೆ ಕರೆದರು. ಗೋಡೆಯ ಮೇಲೆ ಒಂಬತ್ತು ವಿಮಾನಗಳು.

"ಬಂದೋರ್ಗೆಲ್ಲಾ ತೋರ್ಸೋರು ಕಣವ್ವ. ನಮ್ ಉಡ್ಗಿ ಇನ್ನೂವೆ ನಂಗೆ ಲೆಕ್ಕ ಒಪ್ಪುಸ್ತಾವ್ಳೆ ಅನ್ನೋರು," ಅಂದರು ಆಕೆ. ಕಾಫಿ ಕೊಟ್ಟು, "ಅದ್ಯಾವ್ದವ್ವ ಬ್ಯಾಗು? ಅವ್ರುನ್ನ ಕೇಳುದ್ರೆ, ಏನೋ ಗ್ಯಾನಕ್ಕೆ ಬರ್ನಿಲ್ಲ ಕಣೆ ಅನ್ನೋರು," ಎಂದು ಕೇಳಿದರು.

ನೆನಪೇ ಇರಲಿಲ್ಲವಂತೆ. ಎಲ್ಲವನ್ನೂ ಹೇಳಿಬಿಟ್ಟೆ. ಪ್ಯಾಡು, ಪೇಪರು, ಅಪ್ಪನ ಖಾಕಿ, ಏನನ್ನೂ ಬಿಡಲಿಲ್ಲ. ಅವರು ಬಾಯಿಗೆ ಸೆರಗು ಹಿಡಿದು ಕೇಳಿದರು. ಆಮೇಲೆ ಎದ್ದು, ಸ್ಟೂಲ್ ಹತ್ತಿ ಒಂಬತ್ತೂ ಫೋಟೋ ಇಳಿಸಿ ನನ್ನ ಮಡಿಲಿಗಿಟ್ಟರು.

"ಅಂಗಾರೆ ಇವ್ನೆಲ್ಲಾ ನೀನೇ ತಕ್ಕಂಡೋಗವ್ವ. ಇವು ನಮ್ ಗೋಡೆ ಮ್ಯಾಲಿರದು ಬ್ಯಾಡ."

ನಾನು ಬಯಸಿದ ಶಿಕ್ಷೆ ಕೊನೆಗೂ ಆಯಿತು, ತಪ್ಪು ಮಾಡದವರಿಗೆ.

ಬಸ್ಸಿನಲ್ಲಿ ಕೂತು ಫೋಟೋಗಳನ್ನು ತಿರುಗಿಸಿದೆ. ಒಂಬತ್ತರ ಹಿಂದೆಯೂ, ಮೊದಲ ಸಾಲಿನ ಪಕ್ಕ ಕೆಂಪು ಪೆನ್ನಿನ ರೈಟು. ಎರಡನೆಯ ಸಾಲಿನ ಪಕ್ಕ ಕೆಂಪು ಪ್ರಶ್ನಾರ್ಥಕ ಚಿಹ್ನೆ. ಕವರಿನ ಮೇಲೆ ನನ್ನ ವಿಳಾಸ ಇತ್ತಲ್ಲ, ಅವರು ಕೇಳಬಹುದಿತ್ತು. ನಾನೂ ಎರಡು ಸಾಲಿನ ಬದಲು ನಾಲ್ಕು ಸಾಲು ಬರೆಯಬಹುದಿತ್ತು...

ಕಳೆದ ವಾರದ ವಿಮಾನವೂ ಹಾರಿ, ಸುಖವಾಗಿ ಇಳಿಯಿತು. ಅಭ್ಯಾಸಬಲದಿಂದ ಫೋಟೋ ತೆಗೆಸಿ ಹಿಂದೆ ಅದೇ ಎರಡು ಸಾಲು ಬರೆದೆ. ಮೇಷ್ಟರನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೂ ಮೊದಲ ಸಾಲಿನ ಪಕ್ಕದ ಖಾಲಿ ಜಾಗ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಅಲ್ಲಿ ರೈಟ್ ಹಾಕಲು ಈಗ ಯಾರೂ ಇಲ್ಲ.