ಹುಲಿಗೆಮ್ಮ ತಿದ್ದಿಸಿದ ಸಾಲು

ಮೊನ್ನೆ ಬೆಳಗ್ಗೆ ಸಮೀಕ್ಷೆಯ ಹುಡುಗಿಯೊಬ್ಬಳು ಮಸ್ಕಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಫೋನಿನ ಮೇಲೆ ಬೆರಳಾಡಿಸುತ್ತ, "ಮನ್ಯಾಗ ಎಷ್ಟು ಮಂದಿ ಅದೀರಿ ಸರ? ಯಾರ್ ಯಾರ ಗಳಿಕಿ ಎಷ್ಟು?" ಎಂದು ಕೇಳಿದಳು. ನನಗೆ ನಗು ಬಂತು. ಮಾಸ್ತರಿಕೆಯ ಕಾಲದಲ್ಲಿ ಇದೇ ಪ್ರಶ್ನೆ ಹೊತ್ತು ಎಷ್ಟು ಹೊಸ್ತಿಲು ಸವೆಸಿದವನು ನಾನು! ಈ ಸಲ ಉತ್ತರ ಕೊಡುವ ಸರದಿ ನನ್ನದು.

ನಾನು ಪಾಠ ಹೇಳುತ್ತಿದ್ದದ್ದು ಜವಳಗೇರಾ ಹತ್ತಿರದ ಒಂದು ಸಣ್ಣ ಊರಲ್ಲಿ. ಹೋದ ಹೊಸದರಲ್ಲಿ ಬೇಸಿಗೆ ಬಂತೆಂದರೆ ಅರ್ಧ ಓಣಿಗೆ ಬೀಗ; ಜನ ಕೂಲಿ ಹುಡುಕಿ ಗುಳೆ ಹೋಗುತ್ತಿದ್ದರು, ಹಾಜರಿ ಪುಸ್ತಕದ ತುಂಬ ಗೈರು. ಕಾಲುವೆ ನೀರು ಕೊನೆಯ ಹೊಲದವರೆಗೂ ಬರತೊಡಗಿದ ಮೇಲೆ ನೋಡಬೇಕಿತ್ತು ನೀವು! ಹೋದವರು ಬಂದರು. ಅವರ ಬೆನ್ನಿಗೆ ಲಿಂಗಸುಗೂರು ಕಡೆಯ ಒಣ ಹೊಲದವರೂ ಭತ್ತದ ನಾಟಿಗೆಂದು ಬಂದು ಇಲ್ಲೇ ಮನೆ ಹೂಡಿದರು. ಶಾಲೆಯಲ್ಲಿ ಕೂರಲು ಜಾಗ ಸಾಲದಾಯಿತು. ನಾನೇ ಕಾಲುವೆ ತೋಡಿದವನಂತೆ ಎಲ್ಲರೆದುರು ಮೀಸೆ ತಿರುವುತ್ತಿದ್ದೆ.

ಆ ಊರಿನ ಎಣಿಕೆಗೆ ನನ್ನನ್ನೇ ಹಾಕಿದರು. ಜನರನ್ನು ಎಣಿಸುವುದೇನು ಸುಲಭವೇ? ಒಬ್ಬ ಅಜ್ಜ "ಎಂಟು" ಎಂದ. ತಲೆ ಎಣಿಸಿದರೆ ಆರೇ. "ಎರಡು ಎತ್ತು ಬಿಟ್ಟಿಯಲ್ಲೋ ಮಾಸ್ತರ! ಅವು ದುಡಿಯಾಂಗಿಲ್ಲೇನು?" ಎಂದು ನನಗೇ ಬೈದ. ಆದಾಯದ ಮಾತು ಬಂದರಂತೂ ಇಡೀ ಓಣಿಯದು ಒಂದೇ ಮೊತ್ತ. ಹೆಚ್ಚು ಹೇಳಿದರೆ ರೇಷನ್ ಕಾರ್ಡು ಹೋಗುತ್ತದೆಂಬ ಸುದ್ದಿ ನನಗಿಂತ ಮೊದಲೇ ಮನೆಮನೆ ಮುಟ್ಟಿತ್ತು.

ಹುಲಿಗೆಮ್ಮನ ಮನೆಗೆ ಹೋದಾಗ ಆಕೆ ಗದ್ದೆಯಲ್ಲಿದ್ದಳು. ನಾಟಿ ಹಚ್ಚುವ ಇಪ್ಪತ್ತು ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಹೊಲದ ಮಾಲಕರ ಜೊತೆ ಎಕರೆಗಿಷ್ಟೆಂದು ಮಾತಾಡಿ ಗುತ್ತಿಗೆ ಹಿಡಿಯುವವಳು. ಗಂಡ ಕಟ್ಟೆಯ ಮೇಲೆ ಕುಳಿತು, "ಆಕಿ ಏನ್ ಮಾಡ್ತಾಳ್ರಿ, ಮನಿಗೆಲಸ" ಎಂದ. ಕಾರ್ಡು ಉಳಿಯಲಿ ಪಾಪ ಎಂದು ನಾನೂ ಹಾಗೇ ಬರೆದು, ಓಣಿಯ ಮೊತ್ತವನ್ನೇ ಗಂಡನ ಹೆಸರಿಗೆ ತುಂಬಿದೆ. ದೊಡ್ಡ ಉಪಕಾರ ಮಾಡಿದ ಗತ್ತಿನಲ್ಲಿ ಚಹಾ ಬೇರೆ ಕುಡಿದೆ.

ಗಂಡನಿಂದ ಸುದ್ದಿ ತಿಳಿದ ಹುಲಿಗೆಮ್ಮ ಸಂಜೆ ಶಾಲೆಯ ಬಾಗಿಲಿಗೆ ಬಂದೇಬಿಟ್ಟಳು. ಮೊಣಕಾಲಿನವರೆಗೂ ಕೆಸರು, ಹಿಂದೆ ಇಡೀ ಗುಂಪು.

"ಏನ್ ಬರದೀರಿ ಸರ? ಜರಾ ಓದ್ರಿ."

ಓದಿದೆ.

"ಮನಿಗೆಲಸ ಅಂತ! ಇಬ್ರು ಮಕ್ಕಳ್ನ ಕಾಲೇಜಿಗೆ ಹಚ್ಚೀನಿ, ಮನಿಗೆ ಆರ್‌ಸಿಸಿ ಹಾಕ್ಸೀನಿ. ಆ ರೊಕ್ಕ ಯಾರ್ದು? ನನ್ ಹೆಸರ ಮುಂದ ಖರೆ ಎಷ್ಟೈತಿ ಅಷ್ಟು ಬರೀರಿ."

"ಯವ್ವಾ, ಕಾರ್ಡು ಹೋಗ್ತೈತಿ" ಎಂದೆ ಮೆಲ್ಲಗೆ.

"ಹೋಗ್ಲಿ! ಅಕ್ಕಿ ಕೊಂಡು ತರ್ತೀನಿ. ಸಣ್ಣಾಕಿ ಗುಳೆ ಹೋಗ್ತಿದ್ದಾಗಿಂದ ನೀರಾಗ ಬಗ್ಗಿ ದುಡದೀನಿ ನಾ. ಅದನ್ನ ಸುಳ್ಳು ಮಾಡಬ್ಯಾಡ್ರಿ."

ತಿದ್ದಿದೆ. ಹಿಂದಿನಿಂದ ಇನ್ನೊಬ್ಬಳು, "ನಂದೂ ತಿದ್ರಿ ಸರ" ಎಂದಳು, ಆಮೇಲೆ ಮತ್ತೊಬ್ಬಳು. ಎಲ್ಲರೂ ಅಲ್ಲ ಮತ್ತೆ, ಅರ್ಧ ಜನ ಸದ್ದಿಲ್ಲದೆ ಜಾರಿಕೊಂಡರು. ಮುಂದೆ ಹುಲಿಗೆಮ್ಮನ ಕಾರ್ಡು ಹೋಗಿಯೇ ಹೋಯಿತು. ಸಿಂಧನೂರಿನಿಂದ ಅಕ್ಕಿ ಚೀಲ ತರಿಸಿದಳೇ ಹೊರತು ನನ್ನೆದುರು ಆ ಮಾತು ಎತ್ತಲಿಲ್ಲ. ಆ ಊರಿನ ಲೆಕ್ಕದಲ್ಲಿ ನಾನು ಬರೆದ ಖರೆ ಸಾಲುಗಳು ಅವೇ ಕೆಲವು, ಅವನ್ನು ನೆನೆದರೆ ಇಂದಿಗೂ ಎದೆ ಉಬ್ಬುತ್ತದೆ.

"ಅಮ್ಮಾರಿಗೆ ಗೃಹಿಣಿ ಅಂತ ಹಾಕ್ಲೇನ್ರಿ ಸರ?" ಎಂದಳು ಕಟ್ಟೆಯ ಮೇಲಿದ್ದ ಸಮೀಕ್ಷೆಯ ಹುಡುಗಿ.

ಹೂಂ ಎನ್ನಹೊರಟವನು ನಾಲಿಗೆ ಕಚ್ಚಿಕೊಂಡೆ. ಹಿತ್ತಲಲ್ಲಿ ಇಬ್ಬರನ್ನು ಕೂಲಿಗಿಟ್ಟುಕೊಂಡು ಖಾನಾವಳಿಗಳಿಗೆ ರೊಟ್ಟಿ ಬಡಿದು ಕಳಿಸುವ ಹೆಂಡತಿಯನ್ನು ಕೂಗಿ, "ನಿನ್ ಗಳಿಕಿ ನೀನ ಹೇಳು ಬಾ" ಎಂದೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಹೇಳಿದಳು. ನನ್ನ ಪಿಂಚಣಿಗಿಂತ ಹೆಚ್ಚು!

"ಅಲ್ಲಬೇ, ಇಷ್ಟ್ ವರ್ಷ ನನಗ್ಯಾಕ ಹೇಳಿಲ್ಲ?"

"ಊರ ಮಂದಿನೆಲ್ಲ ಕೇಳಿದ್ರಿ," ಎಂದಳು, "ನನ್ನ ಯಾವತ್ತರ ಕೇಳೀರೇನು?"